ಸಾಲು ಹೇಳಿಕೊಟ್ಟವನ ದನಿ

ಹ್ಯಾಂಬರ್ಗಿನ ಒಂದು ಧ್ವನಿ ಸಂಗ್ರಹಾಲಯದಲ್ಲಿ ನಾನು ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ಹಳೆಯ ಗ್ರಾಮಫೋನ್ ತಟ್ಟೆ, ಟೇಪು, ಕ್ಯಾಸೆಟ್ಟುಗಳಲ್ಲಿ ಇರುವುದನ್ನು ಕಂಪ್ಯೂಟರಿಗೆ ಇಳಿಸಿ ಕಾಪಾಡುವುದು ನನ್ನ ಉದ್ಯೋಗ. ಹೋದ ವರ್ಷ ನಿವೃತ್ತನಾದೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಆಗಾಗ ಫೋನ್ ಮಾಡುತ್ತಾರೆ. ಅವರಲ್ಲಿ ಕನ್ನಡದವರೂ ಇಬ್ಬರು ಮೂವರಿದ್ದಾರೆ. ಎಲ್ಲರೂ ಮೊದಲು ಕೇಳುವುದು ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು. ಯಾವುದನ್ನಾದರೂ ಕಲಿಯಿರಿ, ಐದು ವರ್ಷಕ್ಕೆ ಅದು ಹಳತಾಗುತ್ತದೆ. ನಾನು ಇಲ್ಲಿ ಬರೆಯುತ್ತಿರುವುದು ಯಮನ್ ದೇಶದ ಹದ್ರಮೌತ್ ಎಂಬ ಪ್ರಾಂತ್ಯದ ಹಾಡುಗಳ ಜೊತೆ ನಾನು ಕಳೆದ ಕಾಲದ ಬಗ್ಗೆ ಮತ್ತು ಆ ಹಾಡುಗಳಿಗೆ ನಾನು ಮಾಡಿದ ಒಂದು ದೊಡ್ಡ ಅನ್ಯಾಯದ ಬಗ್ಗೆ. ನಾನು ಒಳ್ಳೆಯ ತಂತ್ರಜ್ಞನಾಗಿದ್ದೆ. ಇದನ್ನು ಸಂಕೋಚವಿಲ್ಲದೆ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೆಲಸ ಬಾರದವನು ತಪ್ಪು ಮಾಡಿದರೆ ಅದರಿಂದ ಕಲಿಯುವುದು ಹೆಚ್ಚೇನೂ ಇರುವುದಿಲ್ಲ.

ನನ್ನ ಊರು ಕಲಬುರಗಿ. ಹೆಸರು ಇಸ್ಮಾಯಿಲ್. ಡಿಪ್ಲೊಮಾ ಮುಗಿಸಿ ಟೇಪ್ ರೆಕಾರ್ಡರ್ ದುರಸ್ತಿಯಲ್ಲಿ ಕೈ ಪಳಗಿಸಿಕೊಂಡು, ಜರ್ಮನಿಯಲ್ಲಿ ಅದೇ ಯಂತ್ರಗಳನ್ನು ತಯಾರಿಸುವ ಒಂದು ಸಣ್ಣ ಕಂಪನಿಗೆ ಬಂದವನು. ನಾನು ಬಂದು ಕೆಲವೇ ವರ್ಷಕ್ಕೆ ಟೇಪಿನ ಕಾಲ ಮುಗಿಯಿತು. ಕಂಪನಿ ಬಾಗಿಲು ಹಾಕಿತು. ನನ್ನ ಜೊತೆಯವರು ಕಾರಿನ ಎಲೆಕ್ಟ್ರಾನಿಕ್ಸಿಗೆ ಹೋಗಿ ದಕ್ಷಿಣ ಜರ್ಮನಿಯ ಶ್ವೀಬರ್ಡಿಂಗೆನ್ ಕಡೆ ಮನೆ ಮಾಡಿದರು. ನಾನು ಮಾತ್ರ, ಹಳೆಯ ಯಂತ್ರ ಗೊತ್ತಿರುವವರು ಬೇಕು ಎಂಬ ಒಂದು ಪುಟ್ಟ ಜಾಹೀರಾತು ನೋಡಿ ಹ್ಯಾಂಬರ್ಗಿಗೆ ಬಂದೆ.

ಸಂದರ್ಶನಕ್ಕೆ ಕುಳಿತಿದ್ದವರು ಫ್ರಾವ್ ಲೊರೆಂಟ್ಸ್, ಅಂದರೆ ಶ್ರೀಮತಿ ಲೊರೆಂಟ್ಸ್, ಸಂಗ್ರಹದ ಮುಖ್ಯಸ್ಥೆ. ನನ್ನ ಸರ್ಟಿಫಿಕೇಟುಗಳನ್ನು ಮಡಚಿದ ಹಾಗೆಯೇ ವಾಪಸು ಕೊಟ್ಟರು. ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಒಂದು ದೊಡ್ಡ ಟೇಪ್ ಯಂತ್ರ ತೋರಿಸಿದರು.

"ಇದು ಎಂಟು ತಿಂಗಳಿಂದ ನಿಂತಿದೆ. ನಾನು ಕಾಫಿ ಕುಡಿದು ಬರುತ್ತೇನೆ" ಎಂದರು.

ಅವರು ಬರುವ ಹೊತ್ತಿಗೆ ಯಂತ್ರ ತಿರುಗುತ್ತಿತ್ತು. ರಬ್ಬರಿನ ರೋಲರ್ ಕರಗಿ ಜಿಗುಟಾಗಿತ್ತು ಅಷ್ಟೆ. ಮರುದಿನದಿಂದ ಕೆಲಸಕ್ಕೆ ಬರಲು ಹೇಳಿದರು.

ನನಗೆ ಸಂಗೀತ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆದರೆ ನನ್ನ ಹೆಸರು ನೋಡಿ ಅರಬ್ಬಿ ಹಾಡಿನ ಪೆಟ್ಟಿಗೆಗಳೆಲ್ಲ ನನ್ನ ಮೇಜಿಗೇ ಬಂದವು. ಕುರಾನ್ ಓದಲು ಕಲಿತಿದ್ದರಿಂದ ಅಕ್ಷರ ಗುರುತಿಸಬಲ್ಲೆ, ಅರ್ಥವಾಗುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ಕಚೇರಿಯಲ್ಲಿ ಯಾರೂ ನಂಬಲಿಲ್ಲ. ಕೊನೆಗೆ ಹೇಳುವುದನ್ನೇ ಬಿಟ್ಟೆ. ಹಾಗೆ ಬಿಟ್ಟದ್ದೂ ಒಂದು ತಪ್ಪೇ ಎಂದು ಆಮೇಲೆ ತಿಳಿಯಿತು.

ಮೊದಲು ಬಂದದ್ದು ಏಡನ್ ಬಂದರಿನಲ್ಲಿ ಧ್ವನಿಮುದ್ರಣ ಮಾಡಿ ಜರ್ಮನಿಯಲ್ಲಿ ಅಚ್ಚೊತ್ತಿದ ಗ್ರಾಮಫೋನ್ ತಟ್ಟೆಗಳು. ಎರಡು ದೊಡ್ಡ ಮರದ ಪೆಟ್ಟಿಗೆ ತುಂಬ ಇದ್ದವು. ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಎಂಬುದು ಪುಸ್ತಕದ ಲೆಕ್ಕ. ನಾನು ಎಪ್ಪತ್ತೆಂಟಕ್ಕೇ ಇಟ್ಟು ಮೂವತ್ತು ತಟ್ಟೆ ಇಳಿಸಿ, ಫ್ರಾವ್ ಲೊರೆಂಟ್ಸ್ ಅವರಿಗೆ ಹೆಮ್ಮೆಯಿಂದ ಕೇಳಿಸಿದೆ. ಅವರು ಕಣ್ಣು ಮುಚ್ಚಿಕೊಂಡು ಪೂರ್ತಿ ಒಂದು ಹಾಡು ಕೇಳಿದರು.

"ಇಸ್ಮಾಯಿಲ್, ಈ ಗಾಯಕನಿಗೆ ಮೀಸೆ ಬಂದಿದೆಯೆ?"

ಯಾಕೆ ಎಂದು ಕೇಳಿದೆ.

"ಪೆಟ್ಟಿಗೆಯಲ್ಲಿ ಇವನ ಫೋಟೊ ಇದೆ. ದೊಡ್ಡ ಮೀಸೆಯ, ಅಗಲ ಎದೆಯ ಗಂಡಸು. ನೀವು ಕೇಳಿಸುತ್ತಿರುವುದು ಹನ್ನೆರಡು ವರ್ಷದ ಹುಡುಗನ ದನಿ."

ಆ ಕಾಲದ ಯಂತ್ರಗಳು ಎಪ್ಪತ್ತರಿಂದ ಎಂಬತ್ತೈದರವರೆಗೆ ಹೇಗೆ ಬೇಕಾದರೂ ತಿರುಗುತ್ತಿದ್ದವು. ಪುಸ್ತಕದ ಸಂಖ್ಯೆಯನ್ನು ನಂಬಿದ್ದು ನನ್ನ ತಪ್ಪು. ಸರಿಯಾದ ವೇಗ ಹುಡುಕಲು ಒಂದೇ ದಾರಿ ಇತ್ತು. ಪ್ರತಿ ಹಾಡಿನ ಮೊದಲು ಒಬ್ಬ ವ್ಯಕ್ತಿ ಕಂಪನಿಯ ಹೆಸರನ್ನೂ ಗಾಯಕನ ಹೆಸರನ್ನೂ ಕೂಗಿ ಹೇಳುತ್ತಿದ್ದ. ಮನುಷ್ಯ ಮಾತಾಡುವ ದನಿಗೆ ನಮ್ಮ ಕಿವಿ ಚೆನ್ನಾಗಿ ಒಗ್ಗಿರುತ್ತದೆ. ಆ ಕೂಗು ಒಬ್ಬ ವಯಸ್ಕ ಗಂಡಸಿನದು ಅನ್ನಿಸುವವರೆಗೆ ವೇಗ ಇಳಿಸಿದೆ. ಹಾಡು ತಾನಾಗಿ ಸರಿಯಾಯಿತು. ಮೂವತ್ತೂ ತಟ್ಟೆಗಳನ್ನು ಮತ್ತೆ ಮೊದಲಿಂದ ಮಾಡಿದೆ.

ಮತ್ತೆ ಮಾಡುವಾಗ ಹಾಡಿನೊಳಗೆ ಏನಾಗುತ್ತಿದೆ ಎಂಬುದು ಕಿವಿಗೆ ಬೀಳತೊಡಗಿತು. ಹಳೆಯ ತಟ್ಟೆಗಳಲ್ಲಿ ಒಬ್ಬನೇ ಗಾಯಕ, ಅವನ ಕೈಯಲ್ಲಿ ಒಂದೇ ಮರದ ತುಂಡನ್ನು ಕೊರೆದು, ಮುಖಕ್ಕೆ ತೊಗಲು ಬಿಗಿದ ಒಂದು ಪುಟ್ಟ ತಂತಿವಾದ್ಯ. ಅದರ ದನಿ ಒಣಗಿದ ಕಟ್ಟಿಗೆಯ ಹಾಗೆ ಟಕಟಕ ಅನ್ನುತ್ತದೆ. ಸ್ವಲ್ಪ ಈಚಿನವುಗಳಲ್ಲಿ ಆ ವಾದ್ಯ ಹೋಗಿ, ದೊಡ್ಡ ಹೊಟ್ಟೆಯ ಊದ್ ಎಂಬ ತಂತಿವಾದ್ಯ ಬಂದಿದೆ. ಆಮೇಲೆ ಪಿಟೀಲು ಬಂದಿದೆ. ಮತ್ತೂ ಈಚೆಗೆ, ನಮ್ಮ ತಬಲಾ ಕೇಳಿಸುತ್ತದೆ. ಹದ್ರಮೌತಿನ ಹಾಡೆಂದು ಇವತ್ತು ಅರಬ್ ದೇಶಗಳಲ್ಲೆಲ್ಲ ಗುರುತಿಸುವ ಆ ಶೈಲಿ ಹೀಗೆ ಒಂದೊಂದೇ ಸಾಮಾನು ಸೇರಿಸಿಕೊಂಡು ಮನೆ ಮಾಡಿದ್ದು ನನ್ನ ಮೇಜಿನ ಮೇಲೆಯೇ ಸಾಲಾಗಿ ಕೇಳಿಸುತ್ತಿತ್ತು.

ಒಂದು ತಟ್ಟೆಯ ಮೇಲೆ ಫ್ರಾವ್ ಲೊರೆಂಟ್ಸ್ 'ಆಫ್ರಿಕದ ತಾಳ?' ಎಂದು ಪೆನ್ಸಿಲಿನಲ್ಲಿ ಬರೆದಿದ್ದರು. ಅದನ್ನು ಹಾಕಿದ ಕೂಡಲೆ ನನ್ನ ಬೆರಳುಗಳು ಮೇಜಿನ ಮೇಲೆ ತಾಳ ಹಿಡಿದವು. ನನ್ನ ಸೋದರಮಾವನ ಮದುವೆಯ ಮೆರವಣಿಗೆಯಲ್ಲಿ, ಕಲಬುರಗಿಯ ದರ್ಗಾ ರಸ್ತೆಯಲ್ಲಿ ಬಾರಿಸಿದ ಮರ್ಫಾ ಅದು. ನಮ್ಮ ಕಡೆ ಮದುವೆಗಳಲ್ಲಿ ಚಪ್ಪಟೆ ನಗಾರಿ, ಡೋಲು ಇಟ್ಟುಕೊಂಡು ಬಾರಿಸುತ್ತ ಕುಣಿಯುತ್ತ ಹೋಗುತ್ತಾರಲ್ಲ, ಅದೇ.

ನಾನು ಓಡಿಹೋಗಿ ಹೇಳಿದೆ: "ಇದು ನಮ್ಮೂರಿನದು! ನಮ್ಮಲ್ಲಿಂದ ಅಲ್ಲಿಗೆ ಹೋಗಿದೆ!"

"ಖಚಿತವೆ? ಯಾವ ಕಡೆಯಿಂದ ಯಾವ ಕಡೆಗೆ ಹೋಯಿತೆಂದು ನಿಮ್ಮ ಬೆರಳಿಗೆ ಹೇಗೆ ಗೊತ್ತಾಯಿತು?" ಎಂದರು ಅವರು ತಣ್ಣಗೆ.

ಆ ಭಾನುವಾರ ಅಮ್ಮನಿಗೆ ಫೋನ್ ಮಾಡಿದಾಗ ಕೇಳಿದೆ. ಅಮ್ಮ ನಕ್ಕಳು. "ಮರ್ಫಾ ನಮ್ಮದೆಲ್ಲಿಂದು ಆಗ್ತದೋ? ನಿಜಾಮನ ಫೌಜಿನ್ಯಾಗ ಬಂದಿದ್ರಲ್ಲ ಅರಬ್ರು, ಚಾವೂಷ್ ಮಂದಿ, ಅವ್ರು ತಂದಿದ್ದು. ಹೈದರಾಬಾದಿಂದ ನಮ್ ಕಡಿ ಬಂತು." ಆ ಚಾವೂಷರು ಹದ್ರಮೌತಿನಿಂದಲೇ ಬಂದವರು. ತಾಳ ಅಲ್ಲಿಂದ ನಮ್ಮಲ್ಲಿಗೆ ಬಂದಿತ್ತು. ಅದೇ ಪೆಟ್ಟಿಗೆಯ ಇನ್ನೊಂದು ತಟ್ಟೆಯಲ್ಲಿ ಹಿಂದಿ ಚಿತ್ರಗೀತೆಯ ನಡಿಗೆಯ ಒಂದು ರಾಗ ಅರಬ್ಬಿ ಮಾತು ಹೊತ್ತು ಕುಳಿತಿತ್ತು. ಅದು ನಮ್ಮಿಂದ ಅಲ್ಲಿಗೆ ಹೋದದ್ದು. ಎರಡೂ ಕಡೆಯವರು ಹಡಗು ಹತ್ತುವಾಗ ಹಾಡು ಒಯ್ದರು, ಇಳಿಯುವಾಗ ಇನ್ನೊಂದು ತಂದರು. ಫ್ರಾವ್ ಲೊರೆಂಟ್ಸ್ ಪೆನ್ಸಿಲಿನ ಗುರುತು ಅಳಿಸಿ, ಅಮ್ಮ ಹೇಳಿದ್ದನ್ನು ಅವಳ ಹೆಸರಿನ ಸಮೇತ ಆ ತಟ್ಟೆಯ ವಿವರದ ಕಾರ್ಡಿಗೆ ಸೇರಿಸಿದರು. ಅಮ್ಮನ ಹೆಸರು ಜರ್ಮನಿಯ ದಾಖಲೆಯೊಂದರಲ್ಲಿ ಇರುವುದು ಅಲ್ಲಿ ಮಾತ್ರ.

ಇನ್ನು ಸೂಟ್‌ಕೇಸಿನ ವಿಷಯ.

ಭೂಗೋಳದ ಪ್ರೊಫೆಸರೊಬ್ಬರು ಐವತ್ತು ವರ್ಷದ ಹಿಂದೆ ಹದ್ರಮೌತಿನ ಕಣಿವೆಯಲ್ಲಿ ನೀರಾವರಿಯ ಬಗ್ಗೆ ಅಧ್ಯಯನ ಮಾಡಲು ಹೋಗಿದ್ದರು. ಸಂಜೆ ಹೊತ್ತು ಬೇಸರ ಕಳೆಯಲು ಊರವರ ಹಾಡಿನ ಬೈಠಕ್‌ಗಳನ್ನು ಬ್ಯಾಟರಿಯ ರೆಕಾರ್ಡರಿನಲ್ಲಿ ಹಿಡಿದಿದ್ದರು. ಅವರು ತೀರಿಕೊಂಡ ಮೇಲೆ ಹೆಂಡತಿ ಒಂದು ಸೂಟ್‌ಕೇಸ್ ತಂದು ನಮಗೆ ಕೊಟ್ಟರು. ಒಳಗೆ ನಾಲ್ಕು ಟೇಪ್ ಸುರುಳಿ. ನಾನು ಕೆಲಸಕ್ಕೆ ಸೇರಿ ಸುಮಾರು ಹತ್ತು ವರ್ಷವಾಗಿತ್ತು, ನನ್ನ ಕೈ ಒಳ್ಳೆಯ ಭರದಲ್ಲಿತ್ತು.

ಟೇಪುಗಳು ಜಿಗುಟು ಹಿಡಿದಿದ್ದವು. ಅಂಥವನ್ನು ಹಾಗೇ ಓಡಿಸಿದರೆ ಮೇಲಿನ ಕಂದು ಲೇಪ ಕಿತ್ತು ಬರುತ್ತದೆ, ಲೇಪದ ಜೊತೆ ದನಿಯೂ ಹೋಗುತ್ತದೆ. ಸಣ್ಣ ಉರಿಯ ಒಲೆಯಂಥ ಪೆಟ್ಟಿಗೆಯಲ್ಲಿ ಹಲವು ಗಂಟೆ ಬೆಚ್ಚಗೆ ಇಟ್ಟರೆ ಕೆಲವು ವಾರ ಗಟ್ಟಿಯಾಗಿರುತ್ತದೆ, ಅಷ್ಟರಲ್ಲಿ ಇಳಿಸಿಕೊಳ್ಳಬೇಕು. ಇಳಿಸಿಕೊಂಡೆ.

ಕೇಳಿದರೆ, ಗಾಯಕ ಪ್ರತಿ ಸಾಲು ಹಾಡುವ ಮೊದಲು ಅದೇ ಸಾಲು ಬಹಳ ಕ್ಷೀಣವಾಗಿ ಕೇಳಿಸುತ್ತಿತ್ತು. ಇದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ರೋಗ. ಟೇಪನ್ನು ವರ್ಷಗಟ್ಟಲೆ ಸುತ್ತಿಟ್ಟರೆ ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಅಂಟಿ, ಗಟ್ಟಿ ದನಿಗಿಂತ ಎರಡು ಮೂರು ಸೆಕೆಂಡು ಮುಂಚೆ ಅದರ ನೆರಳು ಕೇಳಿಸುತ್ತದೆ. ನಮ್ಮವರು ಇದನ್ನು ಪ್ರಿಂಟ್ ಎನ್ನುತ್ತಾರೆ, ಕನ್ನಡದಲ್ಲಿ ಮುನ್‌ಪ್ರತಿಧ್ವನಿ ಎನ್ನಬಹುದು. ನಾನು ಕಂಪ್ಯೂಟರಿನಲ್ಲಿ ಸಾಲು ಸಾಲುಗಳ ನಡುವಿನ ಜಾಗಗಳನ್ನು, ಅಲ್ಲಿದ್ದ ಗುಜುಗುಜು ಕೆಮ್ಮಿನ ಸಮೇತ, ಒಂದೊಂದಾಗಿ ಕೈಯಿಂದ ತೊಳೆದೆ. ಆರು ವಾರ ಹಿಡಿಯಿತು. ಕೊನೆಗೆ ಗಾಯಕನ ದನಿ ಬಿಳಿ ಗೋಡೆಯ ಮೇಲೆ ಬರೆದ ಹಾಗೆ ನಿಂತಿತು. ಡ್ಯೂಸೆಲ್ಡಾರ್ಫಿನಲ್ಲಿ ನಮ್ಮ ವೃತ್ತಿಯವರ ಸಭೆಯೊಂದರಲ್ಲಿ ತೊಳೆಯುವ ಮುಂಚಿನದನ್ನೂ ಆಮೇಲಿನದನ್ನೂ ಒಂದೊಂದು ನಿಮಿಷ ಕೇಳಿಸಿದೆ. ಚಪ್ಪಾಳೆ ಬಿತ್ತು. ಹೇಗೆ ಮಾಡಿದಿರಿ ಎಂದು ಜನ ಸುತ್ತುವರಿದು ಕೇಳಿದರು. ಆ ದಿನ ವಾಪಸು ಬರುವ ರೈಲಿನಲ್ಲಿ ನನಗೆ ಆಗಿದ್ದ ಸಂತೋಷ ಇನ್ನೂ ನೆನಪಿದೆ.

ಆ ಕಾಲಕ್ಕೆ ನಮ್ಮ ಕಂಪ್ಯೂಟರಿನಲ್ಲಿ ಜಾಗದ ಕೊರತೆ. ತೊಳೆಯದ ಕಚ್ಚಾ ಪ್ರತಿಯನ್ನು ಎಂದೂ ಅಳಿಸಬೇಡಿ ಎಂದು ಫ್ರಾವ್ ಲೊರೆಂಟ್ಸ್ ಹೇಳುತ್ತಲೇ ಇರುತ್ತಿದ್ದರು. ಅವರು ರಜೆಯಲ್ಲಿದ್ದಾಗ ಡಿಸ್ಕ್ ತುಂಬಿ ಬೇರೆ ಕೆಲಸ ನಿಂತಿತು. ನಾನು ಕಚ್ಚಾ ಪ್ರತಿ ಅಳಿಸಿದೆ. ಇಷ್ಟು ಚೆಂದದ ಪ್ರತಿ ಇರುವಾಗ ಅದು ಯಾಕೆ ಅನ್ನಿಸಿತ್ತು. ಅವರಿಗೆ ಹೇಳಲಿಲ್ಲ.

ಅವರು ನಿವೃತ್ತರಾಗಿ ಹೋದರು. ಅವರ ಜಾಗಕ್ಕೆ ಡಾಕ್ಟರ್ ಹೌಕ್ ಬಂದರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಎಲ್ಲವನ್ನೂ ಜಾಲತಾಣಕ್ಕೆ ಹಾಕಬೇಕೆಂಬ ಉತ್ಸಾಹದವರು. ಬಾಗಲಕೋಟೆಯ ಪಲ್ಲವಿ ನಮ್ಮ ವಿಭಾಗಕ್ಕೆ ಎಂಜಿನಿಯರಾಗಿ ಸೇರಿದಳು. ಮೊದಲ ದಿನ ಜರ್ಮನ್‌ನಲ್ಲಿ ಪರಿಚಯ ಮಾಡಿಕೊಂಡು, ನಾನು ಕಲಬುರಗಿಯವನೆಂದು ತಿಳಿದ ಕೂಡಲೆ "ಅಯ್ಯ, ಮೊದ್ಲ ಹೇಳಬಾರದೇನ್ರಿ ಸರ್!" ಎಂದು ಕುರ್ಚಿ ಎಳೆದುಕೊಂಡು ಕುಳಿತಳು. ಹದ್ರಮೌತಿನ ಸಂಗ್ರಹವನ್ನು ಜಾಲತಾಣಕ್ಕೆ ಏರಿಸುವ ಮುಂಚೆ ಆ ಭಾಷೆ ಬಲ್ಲವರಿಂದ ಒಮ್ಮೆ ಕೇಳಿಸಬೇಕು ಎಂದು ಹಟ ಹಿಡಿದವಳು ಅವಳೇ. ಹುಡುಕಿ, ಹ್ಯಾಂಬರ್ಗಿನದೇ ಆಲ್ಟೊನಾ ಬಡಾವಣೆಯಲ್ಲಿದ್ದ ಸಲ್ಮಾ ಎಂಬವರನ್ನು ಕರೆತಂದಳು.

ಸಲ್ಮಾ ಹದ್ರಮೌತಿನ ಕಣಿವೆಯ ಊರಿನವರು. ದಕ್ಷಿಣ ಯಮನಿಗೂ ಪೂರ್ವ ಜರ್ಮನಿಗೂ ಸ್ನೇಹವಿದ್ದ ಕಾಲದಲ್ಲಿ ಔಷಧಶಾಸ್ತ್ರ ಓದಲು ಲೈಪ್‌ಜಿಗ್‌ಗೆ ಬಂದು, ಇಲ್ಲೇ ಉಳಿದು, ಹ್ಯಾಂಬರ್ಗಿನ ಒಂದು ಔಷಧದಂಗಡಿಯಲ್ಲಿ ಬಹಳ ವರ್ಷ ದುಡಿದು ನಿವೃತ್ತರಾಗಿದ್ದರು. ಎತ್ತರದ, ನೇರ ಬೆನ್ನಿನ ಹೆಂಗಸು. ಸೂಟ್‌ಕೇಸಿನ ಟೇಪಿನ ಡಬ್ಬಿಯ ಮೇಲೆ ಪ್ರೊಫೆಸರು ಬರೆದಿದ್ದ ಊರಿನ ಹೆಸರಿನ ಮೇಲೆ ಅವರು ಬೆರಳಿಟ್ಟರು.

"ಇದು ನಮ್ಮೂರು. ನಮ್ಮ ಮನೆಯಲ್ಲೇ ಬೈಠಕ್ ಆಗುತ್ತಿತ್ತು" ಎಂದರು.

ಮೊದಲ ಸುರುಳಿ ಹಾಕಿದೆ. ಗಾಯಕನ ಹೆಸರು ಕೂಡಲೆ ಹೇಳಿದರು. ನಕ್ಕರು, ತಲೆದೂಗಿದರು. ಮೂರು ನಾಲ್ಕು ಸಾಲಾದ ಮೇಲೆ ನಗು ನಿಂತಿತು. ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡರು, ಧ್ವನಿ ಜೋರು ಮಾಡಲು ಕೈಸನ್ನೆ ಮಾಡಿದರು. ಇನ್ನೂ ಜೋರು ಮಾಡಲು ಹೇಳಿದರು. ಕೊನೆಗೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಅಪ್ಪ ಎಲ್ಲಿ?"

ಯಾರ ಅಪ್ಪ ಎಂದೆ.

"ಇದು ದಾನ್. ದಾನ್ ಹೇಗೆ ಹಾಡುತ್ತಾರೆ ಗೊತ್ತೆ ನಿಮಗೆ?"

ಗೊತ್ತಿಲ್ಲವೆಂದೆ. ಹತ್ತಾರು ವರ್ಷ ಆ ಹಾಡುಗಳ ಜೊತೆ ಕುಳಿತಿದ್ದವನು, ಗೊತ್ತಿಲ್ಲವೆಂದೆ.

ಅವರು ಸಾವಧಾನವಾಗಿ ವಿವರಿಸಿದರು. ಗಾಯಕ ಮೊದಲು ಬರೀ ಮಟ್ಟು ಹಾಡುತ್ತಾನೆ, ದಾನ್ ದಾನಿ ದಾನ್ ಎಂದು. ಅದಕ್ಕೆ ಮಾತಿಲ್ಲ. ಸುತ್ತ ಕುಳಿತ ಕವಿಗಳು ಆ ಮಟ್ಟಿಗೆ ಅಲ್ಲೇ ಸಾಲು ಕಟ್ಟುತ್ತಾರೆ. ಕಟ್ಟಿದ ಸಾಲನ್ನು ಕವಿ ಗಾಯಕನ ಪಕ್ಕಕ್ಕೆ ಬಾಗಿ ಮೆಲ್ಲಗೆ ಹೇಳಿಕೊಡುತ್ತಾನೆ. ಗಾಯಕ ಅದನ್ನು ಎತ್ತಿ ಹಾಡುತ್ತಾನೆ. ಇನ್ನೊಬ್ಬ ಕವಿ ಅದಕ್ಕೆ ಉತ್ತರ ಕಟ್ಟುತ್ತಾನೆ. ಹೀಗೆ ನಡೆಯುತ್ತದೆ.

"ಹೇಳಿಕೊಡುತ್ತಿದ್ದವರು ನಮ್ಮಪ್ಪ. ಪ್ರತಿ ಸಾಲಿನ ಮುಂಚೆ ಅವರ ದನಿ ಇರಲೇಬೇಕು. ಹಾಡಿದವನನ್ನು ಇಟ್ಟುಕೊಂಡಿದ್ದೀರಿ, ಹಾಡು ಮಾಡಿದವರು ಎಲ್ಲಿ?"

ಪಲ್ಲವಿ ನನ್ನ ಮುಖ ನೋಡಿದಳು. ಕನ್ನಡದಲ್ಲಿ ಕೇಳಿದಳು: "ಸರ್, ನೀವು ಪ್ರಿಂಟ್ ಅಂತ ತೆಗದ್ರಲ್ಲ... ಅದೇ ಏನ್ರಿ ಇದು?"

"ಅದೇ" ಎಂದೆ.

ಆಮೇಲೆ ಯೋಚಿಸಿದರೆ ಎಲ್ಲ ಗುರುತುಗಳೂ ನನ್ನ ಕಣ್ಣೆದುರೇ ಇದ್ದವು. ಮುನ್‌ಪ್ರತಿಧ್ವನಿಯ ಅಂತರ ಸುರುಳಿಯ ಸುತ್ತಳತೆಯನ್ನು ಅವಲಂಬಿಸಿರುತ್ತದೆ. ಸುರುಳಿಯ ಹೊರ ಭಾಗದಲ್ಲಿ ಹೆಚ್ಚು, ಒಳಗೆ ಹೋದಂತೆ ಕಡಿಮೆ. ನಾನು ತೊಳೆದ ದನಿಯ ಅಂತರ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ, ಕವಿ ಯೋಚಿಸಿದಷ್ಟು ಹೊತ್ತು. ಅದು ಹಾಡುವ ದನಿಯಲ್ಲ, ಮಾತಾಡುವ ದನಿ. ಇದೆಲ್ಲ ನನಗೆ ಆರು ವಾರದಲ್ಲಿ ಒಂದೆರಡು ಸಲ ಕಿರಿಕಿರಿ ಮಾಡಿತ್ತು. ಹಳೆಯ ಟೇಪು, ಬ್ಯಾಟರಿ ಯಂತ್ರ, ಹೀಗೇ ಇರುತ್ತದೆ ಎಂದು ಮುಂದೆ ಹೋಗಿದ್ದೆ. ಭಾಷೆ ಬಲ್ಲವರನ್ನು ಒಬ್ಬರನ್ನು ಕರೆದು ಕೇಳಿದ್ದರೆ ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು. ನನಗೆ ಅರಬ್ಬಿ ಬರುತ್ತದೆಂದು ಕಚೇರಿಯವರು ನಂಬಿದ್ದರು, ನಾನು ಅವರ ನಂಬಿಕೆಯನ್ನು ಕೆಡಿಸಿರಲಿಲ್ಲ.

ಸಲ್ಮಾ ಮತ್ತೊಂದು ಮಾತು ಹೇಳಿದರು. ಆ ಬೈಠಕ್‌ನಲ್ಲಿ ಹುಟ್ಟಿದ ಒಂದು ಹಾಡು ಆಮೇಲೆ ಬಹಳ ಹೆಸರು ಮಾಡಿತು. ಊದ್ ಸೇರಿತು, ವೇದಿಕೆ ಹತ್ತಿತು, ಕೊಲ್ಲಿ ದೇಶಗಳಲ್ಲಿ ಕ್ಯಾಸೆಟ್ಟಾಗಿ ಮಾರಾಟವಾಯಿತು. ಕ್ಯಾಸೆಟ್ಟಿನ ಮೇಲೆಲ್ಲ 'ಜಾನಪದ, ಕರ್ತೃ ಗೊತ್ತಿಲ್ಲ' ಎಂದು ಅಚ್ಚಾಯಿತು. ಅದು ತನ್ನದೆಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದರಂತೆ. ಮುದುಕನಿಗೆ ವಯಸ್ಸಾಗಿದೆ ಎಂದು ಜನ ನಕ್ಕರಂತೆ. ಅವರು ತೀರಿಕೊಂಡಾಗ ಸಲ್ಮಾಗೆ ಇಲ್ಲಿಂದ ಹೋಗಲು ಆಗಿರಲಿಲ್ಲ.

"ಒಬ್ಬ ಜರ್ಮನ್ ರೆಕಾರ್ಡ್ ಮಾಡಿಕೊಂಡು ಹೋಗಿದ್ದಾನೆ, ಅದರಲ್ಲಿ ನನ್ನ ದನಿ ಇದೆ ಎಂದು ಅಪ್ಪ ಹೇಳುತ್ತಿದ್ದರು" ಎಂದರು. ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮನೆಗೆ ಹೋಗಿ ಹೆಂಡತಿ ನಸೀಮಾಳಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು.

"ಟೇಪ್ ಇನ್ನಾ ಅದ ಇಲ್ಲೊ?"

"ಅದ. ಆದ್ರ ಮತ್ತೊಮ್ಮೆ ಓಡ್ಸಿದ್ರ ಪೂರಾ ಹಾಳಾದ್ರೂ ಆಗಬಹುದು."

"ಓಡ್ಸದಿದ್ರ?"

"ಹಾಂಗೇ ಇರ್ತದ."

"ಹಾಂಗೇ ಇದ್ದು ಯಾರಿಗಿ ಉಪಯೋಗ? ನಾಳಿ ಹೋಗಿ ಸಾಹೇಬ್ರಿಗಿ ಖರೇ ಹೇಳ್ರಿ."

ಮರುದಿನ ಡಾಕ್ಟರ್ ಹೌಕ್ ಎದುರು ಕುಳಿತು ಎಲ್ಲ ಹೇಳಿದೆ, ಕಚ್ಚಾ ಪ್ರತಿ ಅಳಿಸಿದ್ದನ್ನೂ. ಅವರು ಕೆಟ್ಟ ಮನುಷ್ಯರಲ್ಲ. ಆದರೆ ಜಾಲತಾಣದ ಉದ್ಘಾಟನೆಗೆ ಆರು ವಾರವಿತ್ತು.

"ಟಿಪ್ಪಣಿ ಹಾಕೋಣ. ಕವಿಯ ದನಿ ಸಂಸ್ಕರಣೆಯಲ್ಲಿ ಕಳೆದುಹೋಗಿದೆ ಎಂದು. ಮೂಲ ಟೇಪನ್ನು ಮತ್ತೆ ಓಡಿಸುವುದು ನಿಯಮಕ್ಕೆ ವಿರುದ್ಧ. ಹರಿದುಹೋದರೆ ಜವಾಬ್ದಾರಿ ಯಾರದು?"

"ನನ್ನದು. ಬರೆದು ಕೊಡುತ್ತೇನೆ."

"ಇಸ್ಮಾಯಿಲ್, ನಿಮಗೆ ನಿವೃತ್ತಿಗೆ ಎರಡು ವರ್ಷವೂ ಇಲ್ಲ. ಯಾಕೆ ಇದು?"

ನಾನು ಎರಡು ಪುಟದ ವರದಿ ಬರೆದೆ. ಏನು ಕೇಳಿದೆ, ಏನೆಂದು ತಿಳಿದೆ, ಏನು ಅಳಿಸಿದೆ, ಯಾರಿಗೆ ಹೇಳಲಿಲ್ಲ, ಎಲ್ಲ. ಕೆಳಗೆ ಸಹಿ ಮಾಡಿ ಒಂದು ಪ್ರತಿಯನ್ನು ಫ್ರಾವ್ ಲೊರೆಂಟ್ಸ್ ಅವರಿಗೂ ಅಂಚೆಯಲ್ಲಿ ಕಳಿಸಿದೆ. ವಾರ ಬಿಟ್ಟು ಅವರ ಉತ್ತರ ಬಂತು, ಒಂದೇ ಸಾಲು: "ಒಲೆಯ ಉಷ್ಣತೆಯನ್ನು ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ ಇಟ್ಟು, ಹೊತ್ತು ಜಾಸ್ತಿ ಮಾಡಿ." ಬೈಗುಳಕ್ಕೆ ಕಾದಿದ್ದ ನಾನು ಆ ಕಾಗದವನ್ನು ಒಲೆಯ ಪಕ್ಕದ ಗೋಡೆಗೆ ಅಂಟಿಸಿದೆ. ಡಾಕ್ಟರ್ ಹೌಕ್ ವರದಿ ಓದಿ ಅನುಮತಿ ಕೊಟ್ಟರು. ಜಾಲತಾಣದಿಂದ ಆ ನಾಲ್ಕು ಸುರುಳಿಗಳನ್ನು ಹೊರಗಿಟ್ಟು ಉದ್ಘಾಟನೆ ಮಾಡಿದರು.

ನಾನು ಸಲ್ಮಾ ಅವರ ಮನೆಗೆ ಹೋಗಿ ವರದಿಯ ಇನ್ನೊಂದು ಪ್ರತಿ ಕೊಟ್ಟೆ. ಟೇಪು ಉಳಿಯದೆಯೂ ಹೋಗಬಹುದು, ನೀವು ಒಪ್ಪಿದರೆ ಮಾತ್ರ ಓಡಿಸುತ್ತೇನೆ ಎಂದೆ. ಅವರು ಓದಿ ಮುಗಿಸಿ ಕನ್ನಡಕ ತೆಗೆದರು.

"ನಾನೂ ಬಂದು ಕೂರುತ್ತೇನೆ" ಎಂದರು.

ಮೂರು ದಿನ ಒಲೆಯಲ್ಲಿಟ್ಟೆವು. ಒಂದು ಬುಧವಾರ ಬೆಳಗ್ಗೆ ಪಲ್ಲವಿ ಕಂಪ್ಯೂಟರಿನ ಮುಂದೆ, ನಾನು ಯಂತ್ರದ ಮುಂದೆ, ಸಲ್ಮಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ. ಹೊರಗೆ ಹ್ಯಾಂಬರ್ಗಿನ ಎಂದಿನ ತುಂತುರು. ಮೊದಲ ಎರಡು ಸುರುಳಿ ನಿಧಾನವಾಗಿ, ಸರಾಗವಾಗಿ ಓಡಿದವು. ಇಷ್ಟು ವರ್ಷದ ನಂತರ ಆ ಕ್ಷೀಣ ದನಿ ಮತ್ತೆ ಕೇಳಿಸಿತು. ಗೊತ್ತಿದ್ದು ಕೇಳಿದರೆ ಅದು ಬೇರೆ ಮನುಷ್ಯನದೇ. ಒರಟು, ಸ್ವಲ್ಪ ಆತುರದ ದನಿ. ಸಲ್ಮಾ ಕೈಗಳನ್ನು ಮಡಿಲಲ್ಲಿ ಬಿಗಿ ಹಿಡಿದು ಕುಳಿತಿದ್ದರು.

ಮೂರನೆಯ ಸುರುಳಿಯ ನಡುವೆ ಯಂತ್ರ ಕಿರ್ರೆಂದಿತು. "ಸರ್, ಲೆವೆಲ್ ಬೀಳಾಕತ್ತದ!" ಎಂದಳು ಪಲ್ಲವಿ. ನಾನು ಯಂತ್ರ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಟೇಪು ಅಲ್ಲೇ ಅಂಟಿಕೊಳ್ಳುತ್ತದೆ. ಬೆರಳ ತುದಿಯಿಂದ ಸುರುಳಿಯ ಭಾರ ಸ್ವಲ್ಪ ಹಗುರ ಮಾಡುತ್ತ ಹದಿನೇಳು ನಿಮಿಷ ನಿಂತೇ ಇದ್ದೆ. ಇದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ, ಕಲಬುರಗಿಯ ರಿಪೇರಿ ಅಂಗಡಿಯಲ್ಲಿ ಕಲಿತದ್ದು. ಸುರುಳಿ ಮುಗಿಯಿತು. ದನಿ ಓದುವ ಹೆಡ್ಡಿನ ಮೇಲೆ ಕಂದು ಪುಡಿ ಕುಳಿತಿತ್ತು, ಆದರೆ ದನಿ ಉಳಿದಿತ್ತು.

ನಾಲ್ಕನೆಯದು ಉಳಿಯಲಿಲ್ಲ. ಶುರುವಾದ ನಾಲ್ಕನೆಯ ನಿಮಿಷಕ್ಕೆ ಲೇಪ ಪಟ್ಟಿ ಪಟ್ಟಿಯಾಗಿ ಕಿತ್ತು ಬಂತು. ಅದರಲ್ಲಿದ್ದ ಅಪ್ಪನ ದನಿ ಶಾಶ್ವತವಾಗಿ ಹೋಯಿತು. ಮೊದಲ ಸಲ ಇಳಿಸಿದಾಗ ಅದು ಪೂರ್ತಿಯಾಗಿ ನನ್ನ ಬಳಿ ಇತ್ತು. ಅದನ್ನು ಕಳೆದವನು ನಾನು, ಅದಕ್ಕೆ ಸಮಾಧಾನ ಹುಡುಕುವುದಿಲ್ಲ.

ಹುಡುಕುತ್ತಿದ್ದ ಹಾಡು ಮೂರನೆಯ ಸುರುಳಿಯಲ್ಲಿತ್ತು. ಮಧ್ಯಾಹ್ನ ಅದನ್ನು ಮತ್ತೆ ಹಾಕಿದೆವು, ಸಲ್ಮಾ ಸಾಲು ಸಾಲಾಗಿ ಅರ್ಥ ಹೇಳಿದರು. ಊರಿನ ಗೆಳೆಯನೊಬ್ಬ ದೂರದ ದೇಶಕ್ಕೆ ದುಡಿಯಲು ಹೊರಟಿದ್ದಾನೆ, ಅವನ ಬೀಳ್ಕೊಡುಗೆಯ ಬೈಠಕ್. ಅಪ್ಪ ಹಿಂದಿನವರೆಲ್ಲ ಹಾಡುತ್ತಿದ್ದ ಬಗೆಯಲ್ಲೇ ಒಂದು ಸಾಲು ಹೇಳಿಕೊಡುತ್ತಾರೆ: ಗೆಳೆಯನ ಹಡಗನ್ನು ಒಯ್ದ ಗಾಳಿಯೇ, ನಿನ್ನನ್ನು ಬೈಯುತ್ತೇನೆ. ಗಾಯಕ ಹಾಡುವುದಿಲ್ಲ. ನಗುತ್ತಾನೆ. "ಕವಿಗಳೆ, ಅವನು ವಿಮಾನದಲ್ಲಿ ಹೋಗುತ್ತಿದ್ದಾನೆ!" ಎನ್ನುತ್ತಾನೆ. ಕೂತವರೆಲ್ಲ ನಗುತ್ತಾರೆ. ಅಪ್ಪನೂ ನಗುತ್ತಾರೆ. ಸ್ವಲ್ಪ ಹೊತ್ತು ಮೌನ. ಯಾರೋ ಬಟ್ಟಲು ಕೆಳಗಿಟ್ಟ ಸದ್ದು. ಆಮೇಲೆ ಅದೇ ಒರಟು ದನಿ ಮೆಲ್ಲಗೆ ಹೊಸ ಸಾಲು ಹೇಳುತ್ತದೆ:

ವಿಮಾನಕ್ಕೆ ಗಾಳಿಯ ಹಂಗಿಲ್ಲ, ಇನ್ನು ನಾನು ಯಾರನ್ನು ಬೈಯಲಿ?

ಕೂತವರು "ಅಲ್ಲಾ!" ಎನ್ನುತ್ತಾರೆ. ಗಾಯಕ ಅದನ್ನು ಎತ್ತಿಕೊಂಡು ಎರಡು ಸಲ, ಮೂರು ಸಲ ಹಾಡುತ್ತಾನೆ. ಕ್ಯಾಸೆಟ್ಟುಗಳಲ್ಲಿ ಹೆಸರು ಮಾಡಿದ್ದು ಇದೇ ಸಾಲು. ನನ್ನ ತೊಳೆದ ಪ್ರತಿಯಲ್ಲಿ ಆ ನಗು, ಆ ಬಟ್ಟಲು, ಆ ಮೌನ ಎಲ್ಲವೂ ಕೊಳೆಯೆಂದು ಹೋಗಿದ್ದವು.

ಸಲ್ಮಾ ಅತ್ತರು. ಪಲ್ಲವಿ ಎದ್ದು ಹೋಗಿ ಅವರ ಪಕ್ಕ ಕುಳಿತಳು. ನಾನು ಯಂತ್ರದ ಹೆಡ್ ಒರೆಸುತ್ತ ನಿಂತೆ.

ಆಮೇಲೆ ನಾನೇ ಒಂದು ಮಾತು ಹೇಳಿದೆ. ಈಗಿನ ಸಾಫ್ಟ್‌ವೇರಿನಲ್ಲಿ ನಿಮ್ಮ ಅಪ್ಪನ ದನಿಯನ್ನು ಮಾತ್ರ ಬೇರ್ಪಡಿಸಿ, ಗಟ್ಟಿ ಮಾಡಿ ಕೊಡಬಹುದು ಎಂದೆ. ಅವರು ಕಣ್ಣೊರೆಸಿಕೊಂಡು ನನ್ನತ್ತ ಗದರುವಂತೆ ನೋಡಿದರು.

"ಬೇಡ. ಅಪ್ಪ ಒಬ್ಬರೇ ಕೂತು ಹಾಡು ಮಾಡಲಿಲ್ಲ. ಗಾಯಕ ನಗದಿದ್ದರೆ ಆ ಸಾಲು ಹುಟ್ಟುತ್ತಲೇ ಇರಲಿಲ್ಲ. ಯಾರನ್ನೂ ತೆಗೆಯಬೇಡಿ."

ತೆಗೆಯಲಿಲ್ಲ. ಗುಜುಗುಜು, ಕೆಮ್ಮು, ಪುಡಿಯಾದ ಟೇಪಿನ ಪರಪರ ಸಮೇತ ಅದು ಈಗ ಸಂಗ್ರಹದಲ್ಲಿದೆ. ಕಾರ್ಡಿನಲ್ಲಿ ಮೊದಲು ಇದ್ದ 'ಸಾಂಪ್ರದಾಯಿಕ, ಕರ್ತೃ ಅಜ್ಞಾತ' ಎಂಬುದನ್ನು ಹೊಡೆದುಹಾಕಿ ಕವಿಯ ಹೆಸರು, ಗಾಯಕನ ಹೆಸರು, ಊರು, ಮನೆ ಬರೆದೆವು. ಅಳಿಸಿದ್ದು ಯಾರು, ನಾಲ್ಕನೆಯ ಸುರುಳಿ ಹೇಗೆ ಹಾಳಾಯಿತು ಎಂಬುದನ್ನೂ ನನ್ನ ಹೆಸರು ಹಾಕಿ ಬರೆದೆ. ಹೊಸಬರು ಅದನ್ನು ಓದಬೇಕು ಎಂದೇ ಬರೆದದ್ದು. ಶೈಲಿ ಬೆಳೆಯುವುದು ಎಂದರೆ ಊದ್ ಬಂತು, ಪಿಟೀಲು ಬಂತು ಎಂದು ಪಟ್ಟಿ ಮಾಡುವುದಷ್ಟೇ ಎಂದು ನಾನು ತಿಳಿದಿದ್ದೆ. ಹಡಗಿನ ಸಾಲು ಒಂದು ಕೋಣೆಯಲ್ಲಿ ನಗೆಯ ನಡುವೆ ವಿಮಾನದ ಸಾಲಾಗಿ ತಿರುಗಿದ್ದನ್ನು ಕೇಳಿದ ಮೇಲೆ, ಸದ್ದು ಅನ್ನಿಸಿದ್ದನ್ನು ತೊಳೆಯಲು ನನ್ನ ಕೈ ಏಳಲೇ ಇಲ್ಲ. ಪಲ್ಲವಿ ಬರೆದ ಹೊಸ ನಿಯಮದ ಪ್ರಕಾರ ಈಗ ಅಲ್ಲಿ ಭಾಷೆ ಬಲ್ಲವರೊಬ್ಬರು ಕೇಳಿ ಸಹಿ ಮಾಡುವವರೆಗೆ ಯಾವ ಟೇಪನ್ನೂ ಶುಚಿ ಮಾಡುವಂತಿಲ್ಲ.

ನನ್ನ ಕೆಲಸದ ಕೊನೆಯ ತಿಂಗಳು ಸಲ್ಮಾ ಒಮ್ಮೆ ಫೋನ್ ಮಾಡದೆಯೇ ಬಂದರು. ಕೈಯಲ್ಲಿ ಮೊಬೈಲು. ಆ ಧ್ವನಿಮುದ್ರಿಕೆಯನ್ನು ಅವರು ಊರಿನ ನೆಂಟರಿಗೆ ಕಳಿಸಿದ್ದರು. ಅದು ಕೈಯಿಂದ ಕೈಗೆ ಹೋಗಿ, ಕಣಿವೆಯ ಒಂದು ಮನೆಯಲ್ಲಿ ಇವತ್ತಿಗೂ ದಾನ್ ಬೈಠಕ್ ನಡೆಸುವವರನ್ನು ಮುಟ್ಟಿತ್ತು. ಅವರು ಎಲ್ಲರೂ ಸೇರಿ ಕೇಳಿದ್ದರಂತೆ. ಅಪ್ಪನ ಸಾಲಿಗೆ ಉತ್ತರ ಕಟ್ಟದೆ ಎಷ್ಟೋ ವರ್ಷ ಹಾಗೇ ಬಿಟ್ಟಿದ್ದೇವಲ್ಲ ಎಂದು ಒಬ್ಬ ಕವಿಗೆ ಅನ್ನಿಸಿತಂತೆ. ಅದೇ ಮಟ್ಟಿನಲ್ಲಿ ಉತ್ತರ ಹಾಡಿ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದರು.

ಸಲ್ಮಾ ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟು ಒತ್ತಿದರು. ನಾನು, ಪಲ್ಲವಿ, ಬಾಗಿಲಲ್ಲಿ ನಿಂತ ಡಾಕ್ಟರ್ ಹೌಕ್ ಬಾಗಿ ಕೇಳಿದೆವು. ಸಲ್ಮಾ ಜರ್ಮನ್‌ನಲ್ಲಿ ಅರ್ಥ ಹೇಳಿದರು. ಯಮನಿನಲ್ಲಿ ಯುದ್ಧ ಶುರುವಾದ ಮೇಲೆ ಎಷ್ಟೋ ಕಾಲ ಆ ಕಡೆಗೆ ವಿಮಾನಗಳೇ ಇರಲಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

"ವಿಮಾನವೂ ಬಾರದಾಯಿತು, ಕವಿಯೇ" ಎಂದರು. "ಗಾಳಿಗೆ ಹೇಳು, ಸಿಟ್ಟು ಬಿಟ್ಟಿದ್ದೇವೆ, ಹೋದವರನ್ನು ಕರೆದುಕೊಂಡು ಬರಲಿ."